ಆಶ್ಲೇಷ ಮಳೆಯ ಹೊತ್ತಿಗೆ ಮೆಕ್ಕೆಜೋಳದ ಹೊಲ ಹೊಕ್ಕು ನೋಡುವ ಬಗೆ

ಆರಿದ್ರ ಮಳೆಗೆ ಬಿತ್ತಿದ ಮೆಕ್ಕೆಜೋಳ ಆಶ್ಲೇಷ ಹುಟ್ಟುವ ಹೊತ್ತಿಗೆ, ಅಂದರೆ ಆಗಸ್ಟ್ ಮೊದಲ ವಾರಕ್ಕೆ, ಸೊಂಟದ ಮಟ್ಟ ಮುಟ್ಟಿರುತ್ತದೆ. ಚಿತ್ರದುರ್ಗದಿಂದ ಭರಮಸಾಗರ, ಆನಗೋಡು ಹಾದು ದಾವಣಗೆರೆಗೆ ಬರುವ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಎರಡೂ ಕಡೆ ಹಸಿರೇ ಹಸಿರು. ಬೆಳೆ ಈ ಸಲ ಬಂಪರ್ ಅನ್ನಿಸುತ್ತದೆ. ಆದರೆ ಬದುವಿನ ಪಕ್ಕದ ಸಾಲುಗಳಿಗೆ ಗಾಳಿ, ಬೆಳಕು, ಬದುವಿನ ಮಣ್ಣಿನ ಸಾರ ಎಲ್ಲವೂ ಒಂದು ಪಾಲು ಹೆಚ್ಚೇ ಸಿಗುತ್ತದೆ. ಕೆಲವು ಕಡೆ ಇದಕ್ಕೆ ತದ್ವಿರುದ್ಧ: ಬದುವಿನ ಹುಲ್ಲಿನಿಂದ ಬಂದ ಹುಳು ಮೊದಲ ನಾಲ್ಕು ಸಾಲನ್ನಷ್ಟೇ ತಿಂದು ಒಳಗಿನ ಬೆಳೆ ಚೊಕ್ಕವಾಗಿರುತ್ತದೆ. ಎರಡೂ ಸಂದರ್ಭದಲ್ಲಿ ಬದುವಿನ ಮೇಲೆ ನಿಂತವರಿಗೆ ಸಿಗುವುದು ತಪ್ಪು ಲೆಕ್ಕ.

ಈ ತಪ್ಪು ಲೆಕ್ಕದ ಮೇಲೆಯೇ ನಮ್ಮಲ್ಲಿ ಬಹಳಷ್ಟು ದುಡ್ಡು ಖರ್ಚಾಗುತ್ತದೆ. ಪಕ್ಕದ ಹೊಲದಲ್ಲಿ ಬ್ಯಾಟರಿ ಪಂಪಿನ ಸದ್ದು ಕೇಳಿದ್ದೇ ತಡ, ಗೊಬ್ಬರದ ಅಂಗಡಿಗೆ ಗಾಡಿ ಹೊರಡುತ್ತದೆ. ಅಂಗಡಿಯವರು ಕೊಟ್ಟ ಎರಡು ಮೂರು ಬಾಟಲಿ ಒಂದೇ ಟ್ಯಾಂಕಿಗೆ ಬೀಳುತ್ತವೆ. ಹುಳು ಎಷ್ಟಿತ್ತು, ಯಾವ ಗಾತ್ರದ್ದಿತ್ತು, ಔಷಧ ಬೇಕಿತ್ತೋ ಇಲ್ಲವೋ, ಯಾರೂ ಎಣಿಸಿರುವುದಿಲ್ಲ. ಮೊದಲು ಎಣಿಸಿ, ಆಮೇಲೆ ಜೇಬಿಗೆ ಕೈ ಹಾಕಿ ಎಂಬುದೇ ಈ ಲೇಖನದ ಉದ್ದೇಶ. ವಾರಕ್ಕೊಮ್ಮೆ ಒಂದೆರಡು ಗಂಟೆ ಕೊಟ್ಟರೆ ನಾಲ್ಕೈದು ಎಕರೆ ಹೊಲವನ್ನು ಸರಿಯಾಗಿ ನೋಡಿ ಮುಗಿಸಬಹುದು.

ಯಾವಾಗ ಹೋಗಬೇಕು, ಏನು ಒಯ್ಯಬೇಕು

ಬೆಳಗ್ಗೆ ಏಳರಿಂದ ಒಂಬತ್ತೂವರೆಯೊಳಗೆ ಹೋಗಿ. ಮೆಕ್ಕೆಜೋಳದ ಎಲೆ, ಸುಳಿ ತಿನ್ನುವ ಸೈನಿಕ ಹುಳು ಬಿಸಿಲೇರುವ ಮುಂಚೆ ಸುಳಿಯ ಮೇಲ್ಭಾಗದಲ್ಲಿ ಸಿಗುತ್ತದೆ, ಆಮೇಲೆ ಒಳಗಿಳಿದು ಕೂರುತ್ತದೆ. ಎಲೆಗೆ ಬಿಳಿ ಹಳದಿ ಪಟ್ಟೆ ಬೀಳಿಸುವ ಕೇದಿಗೆ ರೋಗದ ಬಿಳಿ ಬೂಷ್ಟು ಎಲೆಯ ಕೆಳಗೆ ಕಾಣುವುದೂ ಇಬ್ಬನಿ ಆರುವ ತನಕ ಮಾತ್ರ. ಬೆಳೆ ನೀರಿಗೆ ಬಾಯಿ ಬಿಟ್ಟಿದೆಯೇ ಎಂದು ತಿಳಿಯಲೂ ಬೆಳಗಿನ ಹೊತ್ತೇ ಸರಿ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿಗೆ ಎಲೆ ಒಂದಿಷ್ಟು ಸುರುಳಿ ಸುತ್ತುವುದು ಸಹಜ. ಬೆಳಗ್ಗೆ ಎಂಟಕ್ಕೂ ಸುರುಳಿ ಬಿಚ್ಚಿಕೊಳ್ಳದಿದ್ದರೆ ಬೇರಿನ ಬುಡದಲ್ಲಿ ಹದ ಇಲ್ಲವೆಂದೇ ಅರ್ಥ.

ಹೆಚ್ಚು ಸಾಮಾನು ಬೇಡ. ಒಂದು ನೋಟ್‌ಬುಕ್, ಪೆನ್ನು, 22 ಅಡಿ ಉದ್ದದ ಹಗ್ಗ, ಚಿಕ್ಕ ಚಾಕು, ಒಂದು ಗುದ್ದಲಿ, ಮೊಬೈಲು. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಮೆಕ್ಕೆಜೋಳದ ಎಲೆಯ ಅಂಚು ಕೈ ಕೊಯ್ಯುತ್ತದೆ. ಹಿಂದಿನ ದಿನ ಔಷಧ ಹೊಡೆದ ಹೊಲಕ್ಕೆ ಇಳಿಯಬೇಡಿ.

ಹೊಲದಲ್ಲಿ ನಡೆಯುವ ದಾರಿ

ಒಂದೇ ಸಾಲು ಹಿಡಿದು ಹೋಗಿ ಅದೇ ಸಾಲಲ್ಲಿ ವಾಪಸ್ ಬಂದರೆ ಹೊಲ ನೋಡಿದ ಹಾಗಾಗುವುದಿಲ್ಲ. ಅಂಚಿನ ಐದಾರು ಸಾಲು ಬಿಟ್ಟು ಒಳಗೆ ಹೋಗಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಂಕುಡೊಂಕಾಗಿ ನಡೆಯಿರಿ. ಎರಡು ಸಲ ಕೆಳಗಿಳಿದು ಎರಡು ಸಲ ಮೇಲೇರಿದರೆ ಹೊಲದ ಎಲ್ಲ ಭಾಗವೂ ಸಿಗುತ್ತದೆ. ಈ ದಾರಿಯಲ್ಲಿ ಐದು ಕಡೆ ನಿಲ್ಲಬೇಕು. ಎಲ್ಲಿ ನಿಲ್ಲಬೇಕೆಂದು ಮೊದಲೇ ಹೆಜ್ಜೆ ಲೆಕ್ಕ ಹಾಕಿಕೊಳ್ಳಿ. ಇಲ್ಲದಿದ್ದರೆ ಕಣ್ಣಿಗೆ ಕೆಟ್ಟದಾಗಿ ಕಂಡ ಗಿಡದ ಹತ್ತಿರವೇ ಕಾಲು ನಿಲ್ಲುತ್ತದೆ, ಇಡೀ ಹೊಲವೇ ಹಾಳಾಯಿತೆಂಬ ಲೆಕ್ಕ ಬರುತ್ತದೆ. ಪ್ರತಿ ನಿಲುಗಡೆಯಲ್ಲಿ ಒಂದರ ಪಕ್ಕ ಒಂದು 20 ಗಿಡ ನೋಡಿದರೆ ಒಟ್ಟು 100 ಗಿಡ. ಎಷ್ಟು ಗಿಡಕ್ಕೆ ಹುಳು ಇದೆಯೋ ಅದೇ ಶೇಕಡಾ ಲೆಕ್ಕ, ಭಾಗಾಕಾರ ಬೇಕಿಲ್ಲ.

ಹೊಲದಲ್ಲಿ ಎರಡು ಬಗೆಯ ಮಣ್ಣಿದ್ದರೆ, ಉದಾಹರಣೆಗೆ ಮೇಲೆ ಮಸಾರಿ ಎಂಬ ಕೆಂಪು ಮಣ್ಣು, ಕೆಳಗೆ ಎರೆ ಎಂಬ ಕಪ್ಪು ಮಣ್ಣು, ಎರಡನ್ನೂ ಬೇರೆ ಬೇರೆ ಹೊಲವೆಂದೇ ನೋಡಿ. ಜಗಳೂರು ಕಡೆಯ ಕೆಂಪು ಮಸಾರಿ ಎಂಟು ದಿನ ಮಳೆ ಕೈಕೊಟ್ಟರೆ ಬಾಡುತ್ತದೆ. ಅದೇ ಹೊತ್ತಿಗೆ ತಗ್ಗಿನ ಎರೆಯಲ್ಲಿ ಹೋದ ವಾರದ ನೀರು ಇನ್ನೂ ಇಂಗಿರುವುದಿಲ್ಲ. ಬಿತ್ತನೆ ದಿನ, ತಳಿ ಬೇರೆ ಇದ್ದರೂ ಲೆಕ್ಕ ಬೇರೆಯೇ ಇಡಬೇಕು.

ಮೊದಲ ಎಣಿಕೆ: ಗಿಡ ಎಷ್ಟು ನಿಂತಿವೆ

ಸಾಲಿನಿಂದ ಸಾಲಿಗೆ ಎರಡು ಅಡಿ ಇದ್ದರೆ, 22 ಅಡಿ ಉದ್ದದ ಸಾಲು ಎಂದರೆ ಒಂದು ಎಕರೆಯ ಸಾವಿರದಲ್ಲೊಂದು ಪಾಲು. ಹಗ್ಗವನ್ನು ಸಾಲಿಗೆ ಹಾಸಿ ಅದರ ಪಕ್ಕದ ಗಿಡ ಎಣಿಸಿ. 28 ಗಿಡ ಸಿಕ್ಕರೆ ಎಕರೆಗೆ 28 ಸಾವಿರ ಗಿಡ. ಸಾಲಿನ ಅಂತರ ಒಂದೂವರೆ ಅಡಿ ಇದ್ದರೆ ಹಗ್ಗ 29 ಅಡಿ ಬೇಕು. ಐದೂ ನಿಲುಗಡೆಯಲ್ಲಿ ಎಣಿಸಿ ಸರಾಸರಿ ತೆಗೆಯಿರಿ.

60 ಸೆಂಟಿಮೀಟರ್ ಸಾಲಿನಲ್ಲಿ 20 ಸೆಂಟಿಮೀಟರಿಗೊಂದು ಬೀಜ ಹಾಕಿದ್ದರೆ ಎಕರೆಗೆ ಸುಮಾರು 33 ಸಾವಿರ, 30 ಸೆಂಟಿಮೀಟರಿಗೊಂದಾದರೆ 22 ಸಾವಿರ ಗಿಡ ಇರಬೇಕು. ಕಡಿಮೆ ಬಂದರೆ ಈ ಹೊತ್ತಿನಲ್ಲಿ ಮತ್ತೆ ಮೆಕ್ಕೆಜೋಳದ ಬೀಜ ಊರಬೇಡಿ. ದೊಡ್ಡ ಗಿಡದ ನೆರಳಲ್ಲಿ ಹುಟ್ಟಿದ್ದು ಬರೀ ದಂಟಾಗುತ್ತದೆ, ತೆನೆ ಕಟ್ಟುವುದಿಲ್ಲ, ಗೊಬ್ಬರ ಮಾತ್ರ ತಿನ್ನುತ್ತದೆ. ದೊಡ್ಡ ಬೋಳು ತುಂಡಿದ್ದರೆ ಹುರುಳಿಯನ್ನೋ ಅಲಸಂದೆಯನ್ನೋ ಚೆಲ್ಲಿ. ಈ ಸಂಖ್ಯೆಯಿಂದ ಇನ್ನೊಂದು ಉಪಯೋಗವಿದೆ: 18 ಸಾವಿರ ಗಿಡ ನಿಂತ ಹೊಲಕ್ಕೆ 33 ಸಾವಿರ ಗಿಡದ ಗೊಬ್ಬರ ಸುರಿಯುವುದು ತಪ್ಪುತ್ತದೆ.

ಸುಳಿಯೊಳಗೆ ಇಣುಕುವುದು

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಸೈನಿಕ ಹುಳುವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಅದೇ ಮುಂಗಾರಿನಲ್ಲಿ ಅದು ದಾವಣಗೆರೆ, ಚಿತ್ರದುರ್ಗದ ಹೊಲಗಳಿಗೂ ಬಂತು. ಅಮೆರಿಕ ಖಂಡದ ಹುಳು ಇದು. ಆಮೇಲಿಂದ ಪ್ರತಿ ವರ್ಷವೂ ಇದೆ, ಇನ್ನು ಹೋಗುವುದೂ ಇಲ್ಲ. ಹಾಗಾಗಿ ಇದರ ಹಾಜರಿಯನ್ನು ಓದಲು ಕಲಿಯುವುದೇ ದಾರಿ.

ಗಿಡದ ಮುಂದೆ ನಿಂತು ಮೇಲಿನಿಂದ ಸುಳಿಯೊಳಕ್ಕೆ ನೋಡಿ. ಹೊಸದಾಗಿ ಮರಿಯಾದ ಹುಳು ಎಲೆಯ ಹಸಿರನ್ನಷ್ಟೇ ಕೆರೆದು ತಿನ್ನುತ್ತದೆ, ತೆಳ್ಳನೆಯ ಪೊರೆ ಉಳಿಯುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಬೆಳ್ಳಗೆ ಪಾರದರ್ಶಕ ತೇಪೆ ಕಾಣುತ್ತವೆ. ಔಷಧ ನಿಜವಾಗಿ ಕೆಲಸ ಮಾಡುವುದು ಈ ಹಂತದಲ್ಲಿ. ಆಮೇಲೆ ಎಲೆಯಲ್ಲಿ ಗುಂಡಗಿನ, ಉದ್ದನೆಯ ತೂತುಗಳು. ಕೊನೆಗೆ ಎಲೆ ಹರಿದು ಚಿಂದಿಯಾಗುತ್ತದೆ, ಸುಳಿಯ ತುಂಬ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ ತುಂಬಿಕೊಳ್ಳುತ್ತದೆ. ಆ ಹಿಕ್ಕೆಯ ಕೆಳಗೆ ಕೂತ ದೊಡ್ಡ ಹುಳುವಿಗೆ ಮೇಲಿಂದ ಹೊಡೆದ ಔಷಧ ತಲುಪುವುದೇ ಇಲ್ಲ.

ಹುಳು ಸಿಕ್ಕರೆ ಅಂಗೈ ಮೇಲೆ ಇಟ್ಟು ನೋಡಿ. ತಲೆಯ ಮೇಲೆ ತಲೆಕೆಳಗಾದ ಕವೆಗೋಲಿನ ಆಕಾರದ ಬಿಳಿ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಸೈನಿಕ ಹುಳುವೇ. ಎಲೆಯ ಅಡ್ಡಕ್ಕೆ ಸೂಜಿಯಿಂದ ಚುಚ್ಚಿದ ಹಾಗೆ ಒಂದೇ ಗೆರೆಯಲ್ಲಿ ಸಣ್ಣ ತೂತುಗಳಿದ್ದರೆ ಅದು ಕಾಂಡ ಕೊರೆಯುವ ಹುಳುವಿನ ಕೆಲಸ. ಅಂಥ ಗಿಡದ ಸುಳಿ ಹಿಡಿದೆಳೆದರೆ ಸಲೀಸಾಗಿ ಕಿತ್ತು ಬರುತ್ತದೆ. ಎಲೆಯ ಮೇಲೆ ಬೂದು ಬಣ್ಣದ ನವಿರು ಮುಚ್ಚಿದ ಮೊಟ್ಟೆ ಗುಂಪು ಕಂಡರೆ ಅಲ್ಲೇ ಉಜ್ಜಿ ಹಾಕಿ. ಒಂದೊಂದು ಗುಂಪಿನಲ್ಲಿ ನೂರು, ಇನ್ನೂರು ಮೊಟ್ಟೆ ಇರುತ್ತವೆ, ಎರಡು ಮೂರು ದಿನಕ್ಕೆ ಒಡೆಯುತ್ತವೆ. ಬೆರಳಿನಿಂದ ಉಜ್ಜಿದ ಒಂದು ಗುಂಪು ಒಂದು ಟ್ಯಾಂಕು ಔಷಧಕ್ಕಿಂತ ಹೆಚ್ಚು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಣಿಸುವಾಗ ಒಂದು ವಿಷಯ ಮರೆಯಬೇಡಿ: ಹಳೆಯ ಹಾನಿಯನ್ನು ಲೆಕ್ಕಕ್ಕೆ ಸೇರಿಸಬಾರದು. ಕೆಳಗಿನ ಎಲೆ ಹರಿದಿದ್ದು ಹೊಸ ಸುಳಿ ಹಸಿರಾಗಿ ಬಿಚ್ಚಿಕೊಳ್ಳುತ್ತಿದ್ದರೆ ಆ ಗಿಡ ಗೆದ್ದಿದೆ. ಒದ್ದೆ ಹಿಕ್ಕೆ, ಹೊಸ ಕೆರೆತ, ಜೀವಂತ ಹುಳು, ಈ ಮೂರರಲ್ಲಿ ಒಂದು ಇದ್ದರೆ ಮಾತ್ರ ಗಿಡವನ್ನು ಎಣಿಸಿ.

ಈಗ ಲೆಕ್ಕ. ಬೆಳೆ ಮೂರು ನಾಲ್ಕು ವಾರದೊಳಗಿದ್ದು, ನೂರಕ್ಕೆ 5 ಗಿಡ ಮುಟ್ಟಿದ್ದರೆ 1500 ಪಿಪಿಎಂ ಬೇವಿನ ಔಷಧ, ಅಂದರೆ ಅಜಾಡಿರಾಕ್ಟಿನ್, ಲೀಟರಿಗೆ 5 ಮಿಲಿ ಸಾಕು. ಐದರಿಂದ ಏಳು ವಾರದ ಬೆಳೆಯಲ್ಲಿ ನೂರಕ್ಕೆ 10 ದಾಟಿದರೆ ರಾಸಾಯನಿಕದ ಮಾತು. ಇಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಲೀಟರಿಗೆ 0.4 ಗ್ರಾಂ, ಇಲ್ಲವೇ ಸ್ಪೈನೆಟೋರಾಮ್ 11.7 ಎಸ್‌ಸಿ 0.5 ಮಿಲಿ, ಇಲ್ಲವೇ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ 0.4 ಮಿಲಿ. ಮೂರರಲ್ಲಿ ಒಂದು ಮಾತ್ರ. 15 ಲೀಟರ್ ಪಂಪಿಗೆ ಕ್ರಮವಾಗಿ 6 ಗ್ರಾಂ, 7.5 ಮಿಲಿ, 6 ಮಿಲಿ ಆಗುತ್ತದೆ. ಬಾಟಲಿಯ ಮುಚ್ಚಳದಲ್ಲಿ ಅಂದಾಜಿಗೆ ಸುರಿಯದೆ ಅಳತೆ ಲೋಟ ಇಟ್ಟುಕೊಳ್ಳಿ. ಎರಡನೇ ಸಲ ಹೊಡೆಯುವ ಪ್ರಸಂಗ ಬಂದರೆ ಅದೇ ಔಷಧ ಬೇಡ, ಬೇರೆ ಗುಂಪಿನದು ತೆಗೆದುಕೊಳ್ಳಿ. ಒಂದೇ ಔಷಧ ಮತ್ತೆ ಮತ್ತೆ ಬಿದ್ದರೆ ಹುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಹೊಡೆಯುವಾಗ ನಾಝಲ್ ಸುಳಿಯ ನೇರಕ್ಕೆ ಇರಲಿ. ಎಲೆ ತೊಯ್ಯುವುದರಿಂದ ಪ್ರಯೋಜನವಿಲ್ಲ, ದ್ರಾವಣ ಸುಳಿಯೊಳಗೆ ಇಳಿಯಬೇಕು. ಸಂಜೆ ಹೊತ್ತು ಒಳ್ಳೆಯದು. ಮೂಗು ಬಾಯಿಗೆ ಬಟ್ಟೆ, ಕೈಗೆ ಗವಸು ತಪ್ಪಿಸಬೇಡಿ. ಔಷಧ ಬಿದ್ದ ಗಿಡದ ಎಲೆ ಕಿತ್ತು ಎಮ್ಮೆಗೆ ಹಾಕುವ ಅಭ್ಯಾಸ ನಮ್ಮ ಕಡೆ ಇದೆ. ಡಬ್ಬಿಯ ಮೇಲೆ ಬರೆದ ಕಾಯುವ ದಿನ ಮುಗಿಯುವವರೆಗೆ ಅದು ಖಂಡಿತ ಬೇಡ, ಹಾಲಿಗೂ ಅದು ಇಳಿಯಬಹುದು.

ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂಗೊಂಚಲು, ಹೊರಬಂದ ಮೇಲೆ ಔಷಧದಿಂದ ಲಾಭ ಕಡಿಮೆ. ಅಷ್ಟು ಎತ್ತರದ ಬೆಳೆಯೊಳಗೆ ಪಂಪು ಹೊತ್ತು ನಡೆಯುವವರ ಮುಖಕ್ಕೇ ಔಷಧ ಬೀಳುತ್ತದೆ, ತೆನೆಯೊಳಗಿನ ಹುಳು ಬದುಕುತ್ತದೆ. ಆಗ ಕೈಯಿಂದ ಆರಿಸುವುದೊಂದೇ ಉಪಾಯ.

ಆಗಸ್ಟಿನ ಮೋಡ, ಜಿಟಿಜಿಟಿ ಮಳೆಯಲ್ಲಿ ಇನ್ನೊಂದು ನೋಟ ಸಿಗಬಹುದು, ಇದನ್ನು ಎಲ್ಲರೂ ನೋಡಿರಬೇಕೆಂಬುದು ನನ್ನ ಆಸೆ. ಎಲೆಯ ಮೇಲೆ ಹುಳು ಅಂಟಿಕೊಂಡಿರುತ್ತದೆ, ಮುಟ್ಟಿದರೆ ಸೆಟೆದಿರುತ್ತದೆ. ಮೈಮೇಲೆ ಮೊದಲು ಸುಣ್ಣ ಬಳಿದಷ್ಟು ಬಿಳುಪು, ಎರಡು ದಿನದಲ್ಲಿ ಅದರ ಮೇಲೆ ತಿಳಿ ಹಸಿರು ಪುಡಿ. ಇದು ನೊಮುರಿಯಾ ಎಂಬ ಶಿಲೀಂಧ್ರ. ಹುಳುವಿಗೆ ರೋಗ ತಂದು ತಾನಾಗಿಯೇ ಹೊಲದಲ್ಲಿ ಹರಡುತ್ತದೆ. ಐದು ನಿಲುಗಡೆಯಲ್ಲಿ ಮೂರು ಕಡೆ ಇಂಥ ಸತ್ತ ಹುಳು ಸಿಕ್ಕರೆ ಔಷಧದ ವಿಚಾರ ಬಿಟ್ಟು ನಾಲ್ಕು ದಿನ ಬಿಟ್ಟು ಮತ್ತೆ ಎಣಿಸಿ. ಆ ಸಮಯದಲ್ಲಿ ಅನಗತ್ಯವಾಗಿ ಶಿಲೀಂಧ್ರನಾಶಕ ಹೊಡೆದರೆ ನಮ್ಮ ಪರವಾಗಿ ದುಡಿಯುವುದನ್ನು ನಾವೇ ಕೊಂದಂತಾಗುತ್ತದೆ. ಇದೇ ಶಿಲೀಂಧ್ರದ ಪುಡಿ ಮಾರಾಟಕ್ಕೂ ಸಿಗುತ್ತದೆ, ಲೀಟರಿಗೆ 2 ಗ್ರಾಂ ಬೆರೆಸಿ ಸಂಜೆ ಹೊಡೆಯುತ್ತಾರೆ. ಗಾಳಿಯಲ್ಲಿ ತೇವ ಇದ್ದಾಗ ಮಾತ್ರ ಅದು ಹತ್ತುತ್ತದೆ.

ಎಲೆಯ ಬಣ್ಣ ಹೇಳುವುದು

ಹಳದಿ ಕಂಡ ತಕ್ಷಣ ಯೂರಿಯಾ ಎನ್ನುವುದು ನಮ್ಮ ರೂಢಿ. ಹಳದಿ ಎಲ್ಲಿ ಶುರುವಾಗಿದೆ ಎಂದು ಮೊದಲು ನೋಡಿ. ಕೆಳಗಿನ ಎಲೆಯ ತುದಿಯಿಂದ ಹೊರಟು ನಡುನರದ ಗುಂಟ ಬುಡದ ಕಡೆಗೆ ಹಳದಿ ಇಳಿದು ಬಂದಿದ್ದರೆ ಸಾರಜನಕದ ಕೊರತೆ. ಕೆಳಗಿನ ಎಲೆಯ ಅಂಚು ಮಾತ್ರ ಸುಟ್ಟಂತಾಗಿ ನಡುಭಾಗ ಹಸಿರಿದ್ದರೆ ಪೊಟ್ಯಾಷ್ ಸಾಲದು. ಎಳೆಯ ಎಲೆಯ ಬುಡದಲ್ಲಿ ನಡುನರದ ಎರಡೂ ಪಕ್ಕ ಅಗಲವಾದ ಬಿಳಿ ಪಟ್ಟೆ ಬಂದಿದ್ದರೆ ಸತುವಿನ ಕೊರತೆ, ಅದಕ್ಕೆ ಯೂರಿಯಾ ಎಷ್ಟು ಹಾಕಿದರೂ ಉಪಯೋಗವಿಲ್ಲ. ಲೀಟರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಜೊತೆಗೆ 2.5 ಗ್ರಾಂ ಸುಣ್ಣದ ತಿಳಿ ಸೇರಿಸಿ ಹೊಡೆಯಬೇಕು. ಮುಂದಿನ ವರ್ಷ ಬಿತ್ತನೆಗೆ ಮುಂಚೆಯೇ ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ ಮಣ್ಣಿಗೆ ಬೀಳಲಿ. ತಗ್ಗಿನಲ್ಲಿ ಇಡೀ ಗಿಡ ಮಂಕಾಗಿ ಹಳದಿಯಾಗಿದ್ದರೆ ಬುಡ ಅಗೆದು ನೋಡಿ. ಕೈಯಲ್ಲಿ ಹಿಂಡಿದರೆ ನೀರು ಬರುವ ಮಣ್ಣಿದ್ದರೆ ಬೇರಿಗೆ ಉಸಿರಿಲ್ಲ. ಮೊದಲು ಕಾಲುವೆ ತೆಗೆದು ನೀರು ಬಸಿಯಿರಿ, ಗೊಬ್ಬರ ಆಮೇಲೆ.

ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಎಕರೆಗೆ ಒಟ್ಟು 40 ಕೆಜಿ ಸಾರಜನಕ ಶಿಫಾರಸಿದೆ. ಅದರಲ್ಲಿ ಅರ್ಧ ಬಿತ್ತನೆಯಲ್ಲೇ ಹೋಗಿದ್ದರೆ ಉಳಿದದ್ದು 20 ಕೆಜಿ. 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿ 20.7 ಕೆಜಿ ಸಾರಜನಕ ಇರುತ್ತದೆ. ಅಂದರೆ ಮೇಲುಗೊಬ್ಬರ ಎಕರೆಗೆ ಒಂದೇ ಚೀಲ. ಎರಡು, ಎರಡೂವರೆ ಚೀಲ ಸುರಿದ ಹೊಲಗಳು ಕಡು ಹಸಿರಾಗಿ ಕಣ್ಣು ತುಂಬುತ್ತವೆ, ಆಮೇಲೆ ಗಾಳಿಗೆ ಮೊದಲು ಒರಗುವುದೂ ಅವೇ. ಹದ ನೋಡಿ, ಗಿಡದಿಂದ ನಾಲ್ಕು ಬೆರಳು ದೂರ ಹಾಕಿ, ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿ. ಬೆಳಗ್ಗೆ ಸುಳಿಯಲ್ಲಿ ಇಬ್ಬನಿ ಇರುವಾಗ ಎರಚಿದರೆ ಕಾಳು ಸುಳಿಯೊಳಗೆ ಕೂತು ಎಲೆ ಸುಡುತ್ತದೆ.

ರೋಗ

ಕೇದಿಗೆ ರೋಗ ಬಂದ ಗಿಡ ಕುಳ್ಳಾಗಿ, ಎಲೆ ಕಿರಿದಾಗಿ, ಬಿಳಿ ಹಳದಿ ಪಟ್ಟೆ ಬಿದ್ದಿರುತ್ತದೆ. ಬೆಳಗಿನ ಹೊತ್ತು ಎಲೆ ತಿರುವಿದರೆ ಬಿಳಿ ಬೂಷ್ಟು. ಅಂಥ ಗಿಡ ತೆನೆ ಕೊಡುವುದಿಲ್ಲ, ಬೇರು ಸಮೇತ ಕಿತ್ತು ಹೊರಗೆ ಹಾಕಿ. ವರ್ಷ ವರ್ಷ ಮೆಕ್ಕೆಜೋಳವನ್ನೇ ಹಾಕುವ ಹೊಲದಲ್ಲಿ ಇದು ಜಾಸ್ತಿ. ಮುಂದಿನ ಬಿತ್ತನೆಗೆ ಮೆಟಲಾಕ್ಸಿಲ್ ಲೇಪಿಸಿದ ಬೀಜ ಕೇಳಿ ಪಡೆಯಿರಿ.

ಎಲೆ ಅಂಗಮಾರಿಯ ಗುರುತು ಉದ್ದನೆಯ, ಎರಡೂ ತುದಿ ಚೂಪಾದ, ಬೂದು ಕಂದು ಮಚ್ಚೆ. ಕೆಳಗಿನ ಎಲೆಯಲ್ಲಿ ಹುಟ್ಟಿ ಮೇಲೇರುತ್ತದೆ. ತೆನೆ ಹುಟ್ಟುವ ಎಲೆ ಮತ್ತು ಅದರ ಮೇಲಿನ ಎಲೆಗಳೇ ಕಾಳಿಗೆ ಹೆಚ್ಚು ಆಹಾರ ಕಳಿಸುವುದು. ಹಾಗಾಗಿ ಸೂಲಂಗಿಗೆ ಮುಂಚೆಯೇ ಮಚ್ಚೆ ಅಲ್ಲಿಯವರೆಗೆ ಏರುತ್ತಿದ್ದರೆ ಮ್ಯಾಂಕೋಜೆಬ್ ಲೀಟರಿಗೆ 2.5 ಗ್ರಾಂ ಹೊಡೆಯಿರಿ. ಕಾಳು ಬಲಿತ ಮೇಲೆ ತಳದ ಎರಡು ಎಲೆಯಲ್ಲಿ ಕಂಡರೆ ಸುಮ್ಮನೆ ಬಿಡಿ.

ಸೂಲಂಗಿ ಮತ್ತು ತೆನೆಯ ಕೂದಲು

ಬಿತ್ತಿದ 50ರಿಂದ 60 ದಿನದ ಆಸುಪಾಸಿನಲ್ಲಿ ಸೂಲಂಗಿ ಬರುತ್ತದೆ, ಎರಡು ಮೂರು ದಿನಕ್ಕೆ ತೆನೆಯ ಕೂದಲು. ಇಡೀ ಬೆಳೆಯಲ್ಲಿ ನೀರಿಗೆ ಅತಿ ಸೂಕ್ಷ್ಮವಾದ ಕಾಲ ಇದು. ಕೂದಲಿನ ಒಂದೊಂದು ಎಳೆಯೂ ಒಂದೊಂದು ಕಾಳು. ಹದ ಇಲ್ಲದಿದ್ದರೆ ಸೂಲಂಗಿ ತನ್ನ ಪಾಡಿಗೆ ಪರಾಗ ಉದುರಿಸಿ ಮುಗಿಸುತ್ತದೆ, ಕೂದಲು ತಡವಾಗಿ ಹೊರಬರುತ್ತದೆ. ಕೊಯ್ಲಿನಲ್ಲಿ ಹಲ್ಲು ಬಿದ್ದ ಬಾಯಿಯಂಥ ತೆನೆ ಸಿಗುವುದು ಹೀಗೆ. ಕೃಷಿ ಹೊಂಡದಲ್ಲೋ ಬೋರಿನಲ್ಲೋ ಒಂದೇ ಒಂದು ನೀರಿಗೆ ಸಾಕಾಗುವಷ್ಟಿದ್ದರೆ ಜುಲೈನಲ್ಲಿ ಬಾಡಿದಾಗ ಖರ್ಚು ಮಾಡದೆ ಈ ಹೊತ್ತಿಗೆ ಉಳಿಸಿಕೊಳ್ಳಿ. ಮೊಣಕಾಲೆತ್ತರದ ಬೆಳೆ ಬಾಡಿದರೂ ಮಳೆ ಬಂದ ಮೇಲೆ ಚೇತರಿಸಿಕೊಳ್ಳುತ್ತದೆ, ತಪ್ಪಿಹೋದ ಪರಾಗಸ್ಪರ್ಶ ಮತ್ತೆ ಬರುವುದಿಲ್ಲ.

ಕಾಳು ಕಟ್ಟಿದೆಯೋ ಇಲ್ಲವೋ ತಿಳಿಯಲು ಕೊಯ್ಲಿನವರೆಗೆ ಕಾಯಬೇಕಿಲ್ಲ. ಕೂದಲು ಪೂರ್ತಿ ಹೊರಬಂದು ನಾಲ್ಕೈದು ದಿನವಾದ ಮೇಲೆ ಒಂದು ತೆನೆ ಕಿತ್ತುಕೊಳ್ಳಿ. ಚಾಕುವಿನಿಂದ ಬುಡದಿಂದ ತುದಿಯವರೆಗೆ ಮೇಲಿನ ಸಿಪ್ಪೆಯನ್ನಷ್ಟೇ ಸೀಳಿ, ಕೂದಲು ಎಳೆಯದಂತೆ ಒಂದೊಂದೇ ಪದರ ಬಿಡಿಸಿ. ಈಗ ತೆನೆಯ ಬುಡ ಹಿಡಿದು ಮೆಲ್ಲನೆ ಒದರಿ. ಫಲ ಕಟ್ಟಿದ ಕಾಳಿನ ಕೂದಲು ತಾನಾಗಿ ಕಳಚಿ ಬೀಳುತ್ತದೆ. ಕಟ್ಟದ ಕಾಳಿನ ಕೂದಲು ಬಿಗಿಯಾಗಿ ಅಂಟಿಕೊಂಡೇ ಇರುತ್ತದೆ. ಬಹುಪಾಲು ಉದುರಿ ತುದಿಯಲ್ಲಿ ಮಾತ್ರ ಒಂದು ಜುಟ್ಟು ಉಳಿದರೆ ಚಿಂತೆಯಿಲ್ಲ, ತುದಿಯ ಕೂದಲು ಕೊನೆಯಲ್ಲಿ ಬರುವುದು. ಅರ್ಧಕ್ಕರ್ಧ ಅಂಟಿಕೊಂಡಿದ್ದರೆ ಬೇರೆ ನಿಲುಗಡೆಗಳಲ್ಲೂ ಒಂದೊಂದು ತೆನೆ ನೋಡಿ. ಐದು ತೆನೆಗೆ ನಿಮ್ಮ ಹೊಲಕ್ಕೇನೂ ನಷ್ಟವಿಲ್ಲ.

ಕಾಳು ಹಾಲು ತುಂಬಿದ ಮೇಲೆ ಇಳುವರಿಯನ್ನೂ ಅಂದಾಜಿಸಬಹುದು. ಅದೇ 22 ಅಡಿ ಹಗ್ಗದೊಳಗಿನ ತೆನೆ ಎಣಿಸಿ, ಮೂರು ನಾಲ್ಕು ತೆನೆಯ ಸಾಲು ಮತ್ತು ಸಾಲಿಗೆ ಕಾಳು ಎಣಿಸಿ ಸರಾಸರಿ ತೆಗೆಯಿರಿ. 22 ತೆನೆ, 14 ಸಾಲು, ಸಾಲಿಗೆ 28 ಕಾಳು ಎಂದಿಟ್ಟುಕೊಂಡರೆ 8,624 ಕಾಳು. ಸಾವಿರ ಕಾಳಿಗೆ 250 ಗ್ರಾಂ ತೂಕ ಹಿಡಿದರೆ ಎರಡು ಕೆಜಿ ಚಿಲ್ಲರೆ, ಎಕರೆಗೆ ಸುಮಾರು 21 ಕ್ವಿಂಟಾಲ್. ಕಾಳು ತುಂಬುವಾಗ ಮಳೆ ತಪ್ಪಿದರೆ ತೂಕ ಇಳಿಯುತ್ತದೆ, ಆದರೂ ಚೀಲ ಎಷ್ಟು ಬೇಕು, ಕೊಯ್ಲಿಗೆ ಆಳೋ ಯಂತ್ರವೋ, ಮಾರಾಟಕ್ಕೆ ಎಷ್ಟು ಎಂಬ ಯೋಚನೆಗೆ ಇದು ಸಾಕು.

ಜೊತೆಗೆ ಸೋಯಾಬೀನ್ ಅಥವಾ ತೊಗರಿ ಇದ್ದರೆ

ನಮ್ಮ ಎರಡು ಜಿಲ್ಲೆಗಳಲ್ಲಿ ಸೋಯಾಬೀನ್ ಹಾವೇರಿ, ಧಾರವಾಡದಷ್ಟಿಲ್ಲ. ಹಾಕಿದವರು ಮೊದಲು ಒಂದು ಗಿಡವನ್ನು ಗುದ್ದಲಿಯಿಂದ ಎಬ್ಬಿಸಿ ಬೇರಿನ ಗಂಟು ನೋಡಲಿ. ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ತಿಳಿಗೆಂಪು ಇರಬೇಕು. ಹಾಗಿದ್ದರೆ ಗಾಳಿಯ ಸಾರಜನಕ ಗಿಡಕ್ಕೆ ಸೇರುತ್ತಿದೆ, ಯೂರಿಯಾ ಬೇಡ. ಬೂದು, ಹಸಿರು ಇದ್ದರೆ ಗಂಟು ಕೆಲಸ ಮಾಡುತ್ತಿಲ್ಲ.

ಸೋಯಾಬೀನ್ ಎಲೆಯಲ್ಲಿ ತೂತು ಕಂಡರೆ ಗಾಬರಿ ಬೇಡ. ಹೂವಿಗೆ ಮುಂಚೆ ಎಲೆಯ ಶೇ 30ರವರೆಗೆ ಹೋದರೂ ಗಿಡ ತಡೆದುಕೊಳ್ಳುತ್ತದೆ. ಹೂವು, ಕಾಯಿ ಕಟ್ಟುವ ಹೊತ್ತಿನಲ್ಲಿ ಶೇ 20 ದಾಟಲು ಬಿಡಬಾರದು. ಸಾಲಿನ ನಡುವೆ ಬಿಳಿ ಬಟ್ಟೆ ಹಾಸಿ ಒಂದು ಮೀಟರ್ ಗಿಡವನ್ನು ಅದರ ಮೇಲೆ ಬಾಗಿಸಿ ಒದರಿ, ಬಿದ್ದ ಹುಳು ಎಣಿಸಿ ಬರೆದುಕೊಳ್ಳಿ. ಜರಡಿಯಂತಾದ ಒಂದು ಎಲೆ ಸಿಕ್ಕರೆ ಅದರ ಕೆಳಗೆ ಮರಿಹುಳುಗಳ ಗುಂಪೇ ಇರುತ್ತದೆ, ಎಲೆ ಸಮೇತ ಕಿತ್ತು ನಾಶ ಮಾಡಿ. ಆಗಸ್ಟ್ ನಡುವಿನಿಂದ ಕೆಳಗಿನ ಎಲೆಗಳ ಹಿಂಬದಿಯಲ್ಲಿ ತುಕ್ಕು ರೋಗದ ಕಂದು ಗುಳ್ಳೆ ಹುಡುಕಬೇಕು. ಜೆಎಸ್ 335 ತಳಿ ಹಾಕಿದವರಿಗೆ ಇದರ ಭಯ ಹೆಚ್ಚು, ಧಾರವಾಡದ ಡಿಎಸ್‌ಬಿ 21 ತಳಿ ತಡೆದುಕೊಳ್ಳುತ್ತದೆ. ಗುಳ್ಳೆ ಕಂಡರೆ ಹೆಕ್ಸಾಕೊನಜೋಲ್ ಲೀಟರಿಗೆ 1 ಮಿಲಿ.

ಅಕ್ಕಡಿಯಲ್ಲಿ, ಅಂದರೆ ಮೆಕ್ಕೆಜೋಳದ ಸಾಲುಗಳ ನಡುವೆ, ತೊಗರಿಯೋ ಸೋಯಾಬೀನೋ ಇರುವ ಹೊಲಕ್ಕೆ ಮೆಕ್ಕೆಜೋಳದ ಕಳೆನಾಶಕ ಹೊಡೆಯಬೇಡಿ. ಅಟ್ರಾಜಿನ್, ಟೆಂಬೋಟ್ರಿಯೋನ್ ಎರಡೂ ಅಗಲ ಎಲೆಯ ಅಕ್ಕಡಿ ಬೆಳೆಯನ್ನು ಕೊಲ್ಲುತ್ತವೆ. ಅಕ್ಕಡಿ ಇಲ್ಲದ ಹೊಲದಲ್ಲೂ ಕಳೆಗೆ ಎರಡರಿಂದ ನಾಲ್ಕು ಎಲೆ ಇರುವಾಗಲೇ ಟೆಂಬೋಟ್ರಿಯೋನ್ ಕೆಲಸ ಮಾಡುವುದು. ಆಶ್ಲೇಷದ ಹೊತ್ತಿಗೆ ಮೊಣಕಾಲೆತ್ತರದ ಕಳೆಗೆ ಹೊಡೆದರೆ ದುಡ್ಡು ದಂಡ.

ಬರೆದಿಡುವುದು, ಕೇಳುವುದು

ಪ್ರತಿ ಸಲ ದಿನಾಂಕ, ನಿಲುಗಡೆ, ಗಿಡ ಸಂಖ್ಯೆ, ಹುಳು ಇರುವ ಗಿಡ, ಮಳೆ ಯಾವತ್ತು ಬಂತು, ಹೊಡೆದ ಔಷಧದ ಹೆಸರು, ಇಷ್ಟು ಬರೆಯಿರಿ. ಹೋದ ವಾರ ನೂರಕ್ಕೆ 4, ಈ ವಾರ 9 ಎಂದರೆ ಏರುತ್ತಿದೆ, ನಾಲ್ಕು ದಿನದೊಳಗೆ ಮತ್ತೆ ಹೋಗಬೇಕು. 9ರಿಂದ 5ಕ್ಕೆ ಇಳಿದಿದ್ದರೆ ಮುಂದಿನ ವಾರ ಸಾಕು. ಗುರುತು ಸಿಗದ ಹುಳು, ಮಚ್ಚೆ ಇದ್ದರೆ ಹತ್ತಿರದಿಂದ ಒಂದು, ಇಡೀ ಗಿಡದ್ದು ಒಂದು ಫೋಟೋ ತೆಗೆಯಿರಿ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ, ದಾವಣಗೆರೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ, ಚಿತ್ರದುರ್ಗದವರು ಹಿರಿಯೂರಿನ ಬಬ್ಬೂರು ಫಾರ್ಮ್‌ಗೆ ಗಿಡ ಸಮೇತ ಹೋಗಿ ತೋರಿಸಿದರೆ ಇನ್ನೂ ಒಳ್ಳೆಯದು. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೊಲದಲ್ಲಿರುವಾಗಲೇ ಬೆಳೆ ಸಮೀಕ್ಷೆಯ ವಿಷಯವನ್ನೂ ಮುಗಿಸಿಕೊಳ್ಳಿ. ನಿಮ್ಮ ಸರ್ವೆ ನಂಬರಿನಲ್ಲಿ ಮೆಕ್ಕೆಜೋಳ ಎಂದೇ ದಾಖಲಾಗಿದೆಯೇ, ಅಕ್ಕಡಿ ತೊಗರಿ ಸೇರಿದೆಯೇ ಎಂದು ನೋಡಿ. ವಿಮೆ ಕಟ್ಟಿದ ಬೆಳೆ ಒಂದು, ಸಮೀಕ್ಷೆಯಲ್ಲಿರುವುದು ಇನ್ನೊಂದು ಆದರೆ ಪರಿಹಾರದ ಹೊತ್ತಿಗೆ ತೊಡಕು ತಪ್ಪಿದ್ದಲ್ಲ. ಆಲಿಕಲ್ಲು ಬಿದ್ದು, ಹೊಲಕ್ಕೆ ನೀರು ನುಗ್ಗಿ ಬೆಳೆ ಹಾಳಾಗಿದ್ದರೆ 72 ಗಂಟೆಯೊಳಗೆ ವಿಮಾ ಕಂಪನಿಗೋ ಕೃಷಿ ಇಲಾಖೆಗೋ ತಿಳಿಸಬೇಕು, 14447 ಸಹಾಯವಾಣಿಗೂ ದೂರು ಕೊಡಬಹುದು. ಹಾನಿ ಕಂಡ ದಿನದ ಫೋಟೋ, ಹಿಂದಿನ ವಾರ ಅದೇ ಜಾಗದಲ್ಲಿ ತೆಗೆದ ಫೋಟೋ ಎರಡೂ ಮೊಬೈಲಿನಲ್ಲಿದ್ದರೆ ಸರ್ವೆಗೆ ಬಂದವರ ಮುಂದೆ ನಿಮ್ಮ ಮಾತಿಗೆ ತೂಕ ಬರುತ್ತದೆ.